ನಾಯಿ ಕಟ್ಟದ ಭಾವ

ನಮ್ಮ ಭಾವ ಯಾರನ್ನೇ ನೋಡಲಿ, ಮೊದಲು ನೋಡುವುದು ಬಾಯಿಯನ್ನು, ಮುಖ ಆಮೇಲೆ. ಅಕ್ಕನನ್ನು ಮದುವೆಯಾದದ್ದೂ ಅವಳ ಮುಂದಿನ ಹಲ್ಲಿನ ಸಾಲಿಗೆ ಮರುಳಾಗಿ ಎಂದು ಅವರೇ ಹೇಳಿಕೊಳ್ಳುತ್ತಾರೆ. ಆ ಸಾಲಿನ ಹಿಂದೆ ಎಂಥ ನಾಲಿಗೆ ಇದೆಯೆಂದು ಆಗ ಗೊತ್ತಾಗಲಿಲ್ಲ ಎಂದು ದನಿ ತಗ್ಗಿಸಿ ಸೇರಿಸುತ್ತಾರೆ. "ಕೇಳಿಸ್ತು ರೀ" ಎಂದು ಅಡುಗೆಮನೆಯಿಂದ ಉತ್ತರ ತಪ್ಪದೆ ಬರುತ್ತದೆ.

ಹಲ್ಲು ಕಟ್ಟುವುದು ಭಾವನ ಕಸುಬು. ಅವರು ಡಾಕ್ಟರಲ್ಲ, ಡಾಕ್ಟರಿಗೆ ಹಲ್ಲುಸೆಟ್ಟು ಮಾಡಿಕೊಡುವವರು. ಮನೆಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಭಾವ ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸುತ್ತಾರೆ, ಗುಲಾಬಿ ಮೇಣದಲ್ಲಿ ವಸಡು ತಿದ್ದುತ್ತಾರೆ, ಒಂದೊಂದೇ ಹಲ್ಲು ಕೂರಿಸಿ ಬೇಯಿಸಿ, ಮೋಟಾರಿಗೆ ಹಿಡಿದು ಉಜ್ಜಿ ಹೊಳಪು ಬರಿಸುತ್ತಾರೆ. ಕಪಾಟಿನ ತುಂಬ ಊರವರ ದವಡೆಗಳು ಬಾಯಿ ತೆರೆದು ಕೂತಿವೆ. ಅಲ್ಲಿ ಕಸ ಗುಡಿಸಲು ಅಕ್ಕ ಒಪ್ಪುವುದಿಲ್ಲ. "ಅಷ್ಟು ಜನ ಒಟ್ಟಿಗೆ ಬಾಯಿ ಬಿಟ್ಕೊಂಡು ನೋಡ್ತಿದ್ರೆ ನನಗೆ ಕೈಕಾಲು ಆಡಲ್ಲ" ಎನ್ನುತ್ತಾಳೆ.

ಭಾವನಿಗೆ ತಮ್ಮ ಕೆಲಸದ ಮೇಲೆ ಇರುವ ಜಂಭ ಇಷ್ಟಿಷ್ಟಲ್ಲ. ಹಲ್ಲು ಕೀಳುವುದಕ್ಕೆ ತೋಳಿನಲ್ಲಿ ಬಲವಿದ್ದರೆ ಸಾಕು, ಕಟ್ಟುವುದಕ್ಕೆ ಕಲೆ ಬೇಕು ಎಂಬುದು ಅವರ ಸಿದ್ಧಾಂತ. ನಾಲ್ಕು ಜನ ಸೇರಿದ ಕಡೆ ಯಾರಾದರೂ ಜೋರಾಗಿ ನಕ್ಕರೆ ನನ್ನ ಕಿವಿಯ ಹತ್ತಿರ ಬಂದು "ಸೂಜಿ, ಅದು ನಂದು" ಎಂದು ಪಿಸುಗುಡುತ್ತಾರೆ. ಸೂಜಿ ಎಂದರೆ ನಾನು. ಮೇಲಿನ ಮನೆಯಲ್ಲಿ ಟೈಲರಿಂಗ್ ಮಾಡಿಕೊಂಡಿರುವ ನಾದಿನಿ. ಹೆಸರು ಬಂದದ್ದು ಕಸುಬಿನಿಂದ ಮಾತ್ರ ಎಂದು ನಾನು ನಂಬಿದ್ದೇನೆ.

ಇನ್ನು ಸವತಿಯ ವಿಷಯ. ಗಾಬರಿಯಾಗಬೇಡಿ, ಸವತಿ ಒಂದು ನಾಯಿ. ಗುಜರಿ ಅಂಗಡಿಯೊಂದರ ಹಿಂದೆ, ತುಕ್ಕು ಹಿಡಿದ ಡ್ರಮ್ಮುಗಳ ನಡುವೆ, ಮೊಳದುದ್ದದ ಸರಪಳಿಯಲ್ಲಿ ಅದು ಬೆಳೆದಿತ್ತು. ಕುತ್ತಿಗೆಯ ಸುತ್ತ ಕೂದಲು ಉದುರಿ ಬಳೆಯ ಹಾಗೆ ಚರ್ಮ ಕಾಣುತ್ತಿತ್ತು. ಅಂಗಡಿಯವನಿಗೆ ಸೆಟ್ಟು ಮಾಡಿಕೊಟ್ಟ ಭಾವ ದುಡ್ಡಿನ ಬದಲಿಗೆ ನಾಯಿಯನ್ನು ಕೇಳಿ ಪಡೆದು ಎತ್ತಿಕೊಂಡು ಬಂದರು. ಅಂಗಳದಲ್ಲಿ ಇಳಿಸಿ, ನಮ್ಮಿಬ್ಬರ ಎದುರಿಗೇ, "ಇನ್ಮೇಲೆ ನಿನ್ನ ಕುತ್ತಿಗೆಗೆ ಯಾರೂ ಏನೂ ಕಟ್ಟಲ್ಲ ಕಣೇ" ಎಂದು ಮಾತು ಕೊಟ್ಟರು. ಅಕ್ಕ ನೋಡುತ್ತ ನಿಂತಿದ್ದಳು. "ಮದುವೇಲಿ ನನಗೂ ಒಂದು ಮಾತು ಕೊಟ್ಟಿದ್ರು, ಅದೇನಂತ ಕೇಳು" ಎಂದು ನನಗೆ ಹೇಳಿ ಒಳಗೆ ಹೋದಳು. ಅವತ್ತೇ ನಾಯಿಗೆ ಸವತಿ ಎಂಬ ಹೆಸರು ಬಿತ್ತು. ಅವಳಿಗೆ ಹಾಲು ಇಡುವುದೂ ಅಕ್ಕನೇ, ಮೈ ತೊಳೆಸುವುದೂ ಅಕ್ಕನೇ, ಬೈಯುವುದೂ ಅಕ್ಕನೇ.

ದಿನವಿಡೀ ಪ್ಲಾಸ್ಟರ್ ಧೂಳು ಕುಡಿಯುವ ಭಾವನಿಗೆ ಬೆಳಗಿನ ಗುಡ್ಡ ಒಂದೇ ಗಾಳಿ. ನಮ್ಮ ಬಡಾವಣೆಯ ಹಿಂದಿನ ಗುಡ್ಡದ ಮೇಲೆ ನೀರಿನ ಟ್ಯಾಂಕಿದೆ. ಅಲ್ಲಿಗೆ ಒಂದು ಕಾಲುದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ಅಗಲ. ಸವತಿ ಮುಂದೆ ಓಡಿ, ಮೂಸಿ, ತಿರುಗಿ ಬಂದು, ಮತ್ತೆ ಓಡುತ್ತಾಳೆ. ಭಾವ ಕೆಮ್ಮುತ್ತ ಹತ್ತುತ್ತಾರೆ, ಟ್ಯಾಂಕಿನ ಹತ್ತಿರ ಬರುವ ಹೊತ್ತಿಗೆ ಕೆಮ್ಮು ನಿಂತಿರುತ್ತದೆ. ಸಕ್ಕರೆ ಕಾಯಿಲೆಯ ದೆಸೆಯಿಂದ ನಾನೂ ಹಿಂದೆ ಕಾಲೆಳೆದುಕೊಂಡು ಹೋಗುತ್ತೇನೆ. ಹಗ್ಗವಿಲ್ಲದ ನಾಯಿ ಗುಡ್ಡ ಹತ್ತುವುದನ್ನು ನೋಡುವಾಗ ಭಾವನ ಮುಖ ಮಗುವಿನ ಹಾಗೆ ಅರಳಿರುತ್ತದೆ; ಅವರು ಯಾರ ಬಾಯನ್ನೂ ನೋಡದೆ ಇರುವ ಹೊತ್ತು ಅದೊಂದೇ. ನಾನು ಎಷ್ಟೇ ಕೀಟಲೆ ಮಾಡಿದರೂ ಆ ಮುಖ ಕಂಡರೆ ನನಗೆ ಸಂತೋಷವಾಗುತ್ತಿತ್ತು.

ಆ ದಾರಿಗೆ ಸೈಕಲ್ಲುಗಳು ಬಂದವು. ನಮ್ಮ ನಿಮ್ಮ ಸೈಕಲ್ಲಲ್ಲ. ದಪ್ಪ ಚಕ್ರ, ಬಾಗಿದರೆ ಪುಟಿಯುವ ಮುಂಗಾಲು, ಮೈಗಂಟಿದ ಬಣ್ಣದ ಬಟ್ಟೆ, ತಲೆಗೆ ಹೆಲ್ಮೆಟ್. ಹತ್ತುವಾಗ ಉಸಿರು ಬಿಡುತ್ತ ಸಾಧುಗಳಂತೆ ಹೋಗುವವರು ಇಳಿಯುವಾಗ ಯಾರ ಮಾತೂ ಕೇಳರು. ನಾಯಿಗಳು ಅಟ್ಟಿಸಿಕೊಂಡು ಹೋದವು. ಒಬ್ಬರು ಪೊದೆಗೆ ಬಿದ್ದರು, ಒಂದು ನಾಯಿಯ ಬಾಲದ ಮೇಲೆ ಚಕ್ರ ಹತ್ತಿತು. ನಾಯಿಯವರಿಗೂ ಸೈಕಲ್ಲಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಬೆಳೆಯಿತು. ನಾಯಿಯವರ ಮುಂದಾಳು ಕರ್ನಲ್. ಅವರು ಸೈನ್ಯ ಕಂಡವರಲ್ಲ, ಮನೆಮನೆಯ ಕರೆಂಟ್ ಮೀಟರ್ ಓದುತ್ತಿದ್ದವರು. ಮೀಸೆಯಿಂದ ಕರ್ನಲ್ ಆದರು. ಸೈಕಲ್ಲಿನವರ ಮುಂದಾಳು ಮೆಡಿಕಲ್ ಶಾಪಿನ ಯಜಮಾನ. ಯಾರು ಬಿದ್ದರೂ ಬ್ಯಾಂಡೇಜು ಅವನ ಅಂಗಡಿಯಿಂದಲೇ ಹೋಗಬೇಕಾದ್ದರಿಂದ ಅವನ ಶೌರ್ಯಕ್ಕೆ ಒಂದು ಅರ್ಥವಿತ್ತು.

ಕೊನೆಗೆ ಬಡಾವಣೆಯ ವಾಚನಾಲಯದಲ್ಲಿ ಎರಡೂ ಕಡೆಯವರು ಕೂತರು. ನಿಯಮ ಮಾಡಲು ಭಾವನೇ ಮುಂದೆ ಬಂದರು, ಊರಿಗೆ ಉಪಕಾರಿ ಅಲ್ಲವೇ. ನಿಯಮಗಳು ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ಇಳಿಯುವ ಸೈಕಲ್ಲು ತಿರುವಿಗೆ ಮುಂಚೆ ನಿಧಾನಿಸಿ ಗಂಟೆ ಹೊಡೆಯಬೇಕು. ನಾಯಿ ಕಂಡರೆ ಕಾಲು ಊರಿ ಒಂದು ಮಾತಾಡಬೇಕು, ದನಿ ಕೇಳಿದರೆ ನಾಯಿಗೂ ಹೆಲ್ಮೆಟ್ಟಿನೊಳಗಿರುವುದು ಮನುಷ್ಯ ಎಂದು ತಿಳಿಯುತ್ತದೆ. ಹಿಂದೆ ಇನ್ನೂ ಸೈಕಲ್ಲು ಬರುತ್ತಿದ್ದರೆ ಹೇಳಿ ಹೋಗಬೇಕು. ನಾಯಿಯವರು ನಾಯಿಗೆ ಹಗ್ಗ ಹಾಕಿರಬೇಕು, ಬಂಡೆಯ ಕಡೆ ಸರಿದು ಹಗ್ಗ ಗಿಡ್ಡ ಮಾಡಿ ಹಿಡಿದು ನಿಲ್ಲಬೇಕು. ಈ ಕೊನೆಯ ನಿಯಮವನ್ನು ಭಾವ ಬಹಳ ಗಂಭೀರವಾಗಿ ಓದಿ ಹೇಳಿದರು. ಸವತಿ ಆಗ ಹಗ್ಗವಿಲ್ಲದೆ ವಾಚನಾಲಯದ ಬಾಗಿಲಲ್ಲಿ ಮಲಗಿದ್ದಳು.

"ಭಾವ, ಹೇಳೋದು ಆಚಾರ ತಿನ್ನೋದು ಬದನೆಕಾಯಿ" ಎಂದೆ ದಾರಿಯಲ್ಲಿ.

"ನಿಯಮ ಇರೋದು ಹೇಳಿದ ಮಾತು ಕೇಳದೇ ಇರೋ ನಾಯಿಗಳಿಗೆ" ಎಂದರು. "ನಮ್ಮದು ಕೇಳತ್ತೆ."

ಕೇಳುವ ಹಾಗೆ ಮಾಡಲು ಅವರು ಉಪಾಯವನ್ನೂ ಹೂಡಿದ್ದರು. ಸೈಕಲ್ ಗಂಟೆ ಕೇಳಿದೊಡನೆ ನಾಯಿ ಯಜಮಾನನ ಬಳಿಗೆ ಬಂದು ಕೂರಬೇಕು, ಕೂತರೆ ಒಂದು ಬಿಸ್ಕತ್ತು. ಅಂಗಳದಲ್ಲಿ ಹಳೆಯ ಗಂಟೆಯೊಂದನ್ನು ಹಿಡಿದು ತಿಂಗಳುಗಟ್ಟಲೆ ಸವತಿಗೆ ಪಾಠ ನಡೆಯಿತು. ಪಕ್ಕದ ಬೀದಿಯವರೂ ನಾಯಿಗಳನ್ನು ಕರೆತಂದರು. ಒಳ್ಳೆ ಶಾಲೆಯೇ ಆಯಿತು. ಸೈಕಲ್ಲಿನವರಿಗೆ ಮೊದಲು ಗಂಟೆ ಹಾಕಿಸಿಕೊಳ್ಳಲು ನಾಚಿಕೆ, ಅಷ್ಟು ದುಬಾರಿ ಸೈಕಲ್ಲಿಗೆ ಹಾಲಿನವನ ಗಂಟೆಯೇ ಎಂದು. ಆಮೇಲೆ ಒಬ್ಬೊಬ್ಬರೇ ಹಾಕಿಸಿಕೊಂಡರು. ನಿಜವಾಗಿ ಹೇಳುತ್ತೇನೆ, ಒಂದಷ್ಟು ಕಾಲ ಗುಡ್ಡದ ಮೇಲೆ ಸ್ವರ್ಗವಿತ್ತು. ಗಂಟೆ ಕೇಳುತ್ತಿತ್ತು, ನಾಯಿಗಳು ಸಾಲಾಗಿ ಬಂಡೆಯ ಕಡೆ ಕೂರುತ್ತಿದ್ದವು, ಸೈಕಲ್ಲಿನವರು ಕೈಬೀಸಿ ಹೋಗುತ್ತಿದ್ದರು. ಕರ್ನಲ್ ಮೀಸೆ ತಿರುವಿದರು. ಭಾವನಿಗೆ ನೆಲ ಕಾಣದಾಯಿತು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸ್ನೇಹ ಇನ್ನೂ ಬೆಳೆಯಲಿ ಎಂದು ಭಾವನೇ ಮುಂದಿನ ಸಭೆಯಲ್ಲಿ ಒಂದು ಸಲಹೆ ಕೊಟ್ಟರು: ಸೈಕಲ್ಲಿನವರೂ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳಲಿ, ಹೋಗುವಾಗ ನಾಯಿಗೊಂದು ಕೊಡಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಯಿಗಳು ದಡ್ಡರಲ್ಲ. ಯಜಮಾನ ಕೊಡುವುದು ದಿನಾ ನೋಡಿದ ಅದೇ ಬಿಸ್ಕತ್ತು; ಮೆಡಿಕಲ್ ಶಾಪಿನವನ ಜೇಬಿನಲ್ಲಿರುವುದು ಕೆನೆ ತುಂಬಿದ್ದು. ಗಂಟೆ ಕೇಳಿದರೆ ಎಲ್ಲಿಗೆ ಓಡಬೇಕು ಎಂಬುದನ್ನು ಅವು ತಾವೇ ತಿದ್ದಿಕೊಂಡವು. ಮೊದಲು ಗಂಟೆ ಕೇಳಿ ದೂರ ಸರಿಯುತ್ತಿದ್ದ ನಾಯಿಗಳು ಈಗ ಗಂಟೆ ಕೇಳಿ ಚಕ್ರದ ಮುಂದೆ ಹೋಗಿ ಕೂತವು. ಬೀದಿಯಲ್ಲಿ ಹಾಲಿನವನಿಗೂ ಬಿಡುಗಡೆ ಇಲ್ಲ, ಪೇಪರಿನವನಿಗೂ ಇಲ್ಲ. ಗಂಟೆ ಹೊಡೆಯದೆ ಕಳ್ಳರ ಹಾಗೆ ಹೋಗುವವರು ಮಾತ್ರ ಸುಖವಾಗಿ ಮನೆ ಸೇರುತ್ತಿದ್ದರು.

"ಭಾವ, ಇದು ಕೈಮೀರ್ತಿದೆ" ಎಂದು ನಾನು ಹೇಳಿದೆ.

"ಹೊಸದರಲ್ಲಿ ಹಾಗೇ ಸೂಜಿ. ಹೊಸ ಹಲ್ಲೂ ಮೊದಮೊದಲು ಕಚ್ಚತ್ತೆ" ಎಂದರು.

ಬಸ್‌ಸ್ಟ್ಯಾಂಡಿನ ಅನೌನ್ಸರ್ ಹುಡುಗಿಯನ್ನು ನಮ್ಮೂರಿನಲ್ಲಿ ನೋಡದವರಿರಬಹುದು, ಕೇಳದವರಿಲ್ಲ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವವಳು ಅವಳೇ. ಬಸ್ಸು ತಪ್ಪಿಹೋಯಿತು ಎಂಬ ಸುದ್ದಿಯನ್ನೂ ಅವಳ ಬಾಯಲ್ಲಿ ಕೇಳಿದರೆ ಅಷ್ಟು ಬೇಸರವಾಗುವುದಿಲ್ಲ ಎನ್ನುತ್ತಿದ್ದರು ಜನ. ಕಷ್ಟಪಟ್ಟು ಒಂದು ಗುಡ್ಡದ ಸೈಕಲ್ಲು ಕೊಂಡಿದ್ದಳು. ಸೈಕಲ್ಲಿನವರಲ್ಲೆಲ್ಲ ಎಲ್ಲ ನಿಯಮವನ್ನೂ ಪಾಲಿಸುತ್ತಿದ್ದದ್ದು ಅವಳೊಬ್ಬಳೇ. ಎಷ್ಟೆಂದರೂ ದಿನವೆಲ್ಲ ಬೇರೆಯವರಿಗೆ ನಿಯಮ ಹೇಳುವ ಕೆಲಸ.

ಆ ಬೆಳಿಗ್ಗೆ ಭಾವ, ನಾನು ಬಂಡೆ ತಿರುವಿನ ಕೆಳಗಿದ್ದೆವು. ಸವತಿ ನಮಗಿಂತ ಮುಂದೆ, ತಿರುವಿನ ಹತ್ತಿರ ಏನನ್ನೋ ಮೂಸುತ್ತಿದ್ದಳು. ಮೇಲಿನಿಂದ ಗಂಟೆ ಕೇಳಿಸಿತು. ನಿಯಮದ ಪ್ರಕಾರ, ತಿರುವಿಗೆ ಮುಂಚೆ. ಸವತಿ ಕಿವಿ ನಿಮಿರಿಸಿದಳು, ನಮ್ಮ ಕಡೆ ಒಮ್ಮೆಯೂ ನೋಡದೆ ಗಂಟೆಯ ಕಡೆ ಓಡಿದಳು, ದಾರಿಯ ನಟ್ಟನಡುವೆ ಅಚ್ಚುಕಟ್ಟಾಗಿ ಕೂತಳು. ಹುಡುಗಿ ತಿರುವು ದಾಟಿದವಳು ಬ್ರೇಕ್ ಒತ್ತಿದಳು. ಸೈಕಲ್ಲು ನಿಂತಿತು, ಅವಳು ನಿಲ್ಲಲಿಲ್ಲ. ಬಾಯಿ ಬಂಡೆಗೆ ಬಡಿಯಿತು. ಸವತಿ ಕೂತಲ್ಲೇ ಬಾಲ ಆಡಿಸುತ್ತ ಬಿಸ್ಕತ್ತಿಗೆ ಕಾಯುತ್ತಿದ್ದಳು.

ನಾನು ಕಿರುಚಿದೆ. ಭಾವ ಓಡಿಹೋಗಿ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರವಸ್ತ್ರದಿಂದ ರಕ್ತ ಒತ್ತಿ, ಬಾಯಿ ನೋಡಿದರು. "ಮೇಲಿನ ಮುಂದಿನವೆರಡು" ಎಂದರು. ಆಮೇಲೆ ಅವರ ಮುಖ ನೋಡಿದೆ. ಕೈಗಳು ಮಾಡಬೇಕಾದ್ದನ್ನು ಮಾಡುತ್ತಿದ್ದವು, ಮುಖ ಮಾತ್ರ ಸುಣ್ಣ ಬಳಿದ ಹಾಗಾಗಿತ್ತು. ಹುಡುಗಿಯನ್ನು ಇಬ್ಬರೂ ಹಿಡಿದುಕೊಂಡು ಕೆಳಗಿಳಿಸಿದೆವು. ಹಲ್ಲುಗಳು ಚೂರಾಗಿದ್ದವು, ಮತ್ತೆ ಕೂರಿಸುವ ಹಾಗಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವಳ ಜಾಗಕ್ಕೆ ಡಿಪೋದ ಗುಮಾಸ್ತನನ್ನು ಕೂರಿಸಿದರು. ಅವನು ಊರಿನ ಹೆಸರುಗಳನ್ನೆಲ್ಲ ಅರ್ಧ ನುಂಗಿ ಅರ್ಧ ಉಗುಳುತ್ತಿದ್ದ. ಜನ ಪೂರ್ವಕ್ಕೆ ಹೋಗಬೇಕಾದವರು ಪಶ್ಚಿಮದ ಬಸ್ಸು ಹತ್ತಿದರು. ಊರಿಡೀ ಒಂದೇ ಮಾತು: ನಾಯಿಯಿಂದ ಹೀಗಾಯಿತು. ಮೆಡಿಕಲ್ ಶಾಪಿನವನು ಭಾನುವಾರ ಸಭೆ ಕರೆಸಿದ. ಕಾಲುದಾರಿಯಲ್ಲಿ ನಾಯಿಯೇ ಬೇಡ ಎಂಬುದು ಅವನ ಕಡೆಯವರ ಬೇಡಿಕೆ. ಪೆಟ್ಟು ತಿಂದವರು ಎದುರಿಗೆ ಬಂದು ಬಾಯಿಬಿಟ್ಟು ಹೇಳಿದರೆ ಮಾತ್ರ ದೂರು ಎಂದು ನಿಯಮ ಬರೆಯುವಾಗಲೇ ಕರ್ನಲ್ ಸೇರಿಸಿದ್ದರು. ಹುಡುಗಿಯೋ, ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಅವ್ವನ ಹತ್ತಿರವೂ ಸನ್ನೆಯಲ್ಲಿ ಮಾತಾಡುತ್ತಿದ್ದಳಂತೆ.

ಅವಳ ಬಾಯಿಯ ಅಚ್ಚು ಡಬ್ಬಿಯಲ್ಲಿ ಬಂತು. ಬರದೆ ಎಲ್ಲಿಗೆ ಹೋಗುತ್ತದೆ? ಊರಿನಲ್ಲಿ ಹಲ್ಲು ಕಟ್ಟುವವರು ಭಾವ ಒಬ್ಬರೇ. ಹಿಂದೆಯೇ ಕರ್ನಲ್ ಬಂದರು. ಕೆಲಸದ ಕೋಣೆಯಲ್ಲಿ ಸ್ಟೂಲು ಎಳೆದುಕೊಂಡು, ಕಪಾಟಿನ ದವಡೆಗಳಿಗೆ ಬೆನ್ನು ಮಾಡಿ ಕೂತರು.

"ಡಾಕ್ಟರು ಯಾವತ್ತು ಬೇಕು ಅಂದಿದಾರೆ?"

"ಸೋಮವಾರ."

"ಅಲ್ಲಿಗೆ ಸರಿಹೋಯ್ತು. ಸೋಮವಾರಾನೇ ಕೊಡಿ. ಭಾನುವಾರ ಆ ಹುಡುಗಿ ಬರಲ್ಲ, ಬರದಿದ್ರೆ ದೂರಿಲ್ಲ, ದೂರಿಲ್ಲದಿದ್ರೆ ದಾರಿ ನಮ್ಮದು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಮುಂಚೆ ಕೊಡಬೇಕು ಅಂತ ಯಾರೂ ಹೇಳಿಲ್ವಲ್ಲ" ಎಂದರು ಭಾವ.

"ಅದೇ ನಾನೂ ಹೇಳಿದ್ದು. ನಿಮ್ಮ ನಾಯಿಗೋಸ್ಕರಾನೇ ಹೇಳ್ತಿರೋದು. ಅದನ್ನ ಕಟ್ಟಿರಲಿಲ್ಲ ಅನ್ನೋದು ಆ ಹುಡುಗಿ ಬಾಯಲ್ಲಿ ಬಂತು ಅಂದ್ರೆ ಮುಗೀತು."

ನಾನು ಮಧ್ಯೆ ಬಾಯಿ ಹಾಕಿದೆ. "ನಾನೂ ನೋಡಿದೀನಲ್ಲ ಕರ್ನಲ್ ಸಾಹೇಬ್ರೇ."

"ನೀವು ನಾದಿನಿ ಕಣಮ್ಮ. ನಿಮ್ಮ ಸಾಕ್ಷಿ ಯಾರಿಗೆ ಬೇಕು?"

ಅವರು ಹೋದ ಮೇಲೆ ಭಾವ ಆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಯಾರದೋ ಹಳೆಯ ಸೆಟ್ಟು ಉಜ್ಜುತ್ತ ಕೂತರು. ಆಗಲೇ ಹೊಳೆಯುತ್ತಿದ್ದ ಸೆಟ್ಟು ಅದು. ಊಟಕ್ಕೆ ಕರೆದರೆ ಏಳಲಿಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತಳು. "ಸೋಮವಾರಕ್ಕೆ ಇನ್ನೂ ಟೈಮಿದೆ ಅಂತ ಇಷ್ಟು ಕಷ್ಟಪಟ್ಟು ಕೆಲಸ ಮುಂದೆ ಹಾಕ್ತಿರೋದನ್ನ ನಾನು ಇವತ್ತೇ ನೋಡಿದ್ದು" ಎಂದಳು. ಭಾವ ಸೆಟ್ಟನ್ನು ಮತ್ತೆ ಮೋಟಾರಿಗೆ ಹಿಡಿದರು. ಸವತಿ ಅವರ ಕಾಲಡಿ ಮಲಗಿದ್ದಳು.

ಮಾರನೆಯ ದಿನ ಹುಡುಗಿಯೇ ಬಂದಳು. ಉಳಿದ ಹಲ್ಲುಗಳಿಗೆ ಹೊಸದರ ಬಣ್ಣ ಹೊಂದಬೇಕಲ್ಲ, ಡಾಕ್ಟರು ಕಳಿಸಿದ್ದರು. ಕಣ್ಣಷ್ಟೇ ಕಾಣುವ ಹಾಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಸವತಿ ಬಾಲ ಆಡಿಸುತ್ತ ಹತ್ತಿರ ಹೋದಳು, ಜೇಬು ಮೂಸಿದಳು. ಹುಡುಗಿ ಸುಮ್ಮನೆ ತಲೆ ಸವರಿದಳು.

ಭಾವ ಬೇರೆ ಬೇರೆ ಛಾಯೆಯ ಹಲ್ಲುಗಳ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಕರೆದರು. "ತೆಗೀಮ್ಮ ಅದನ್ನ. ಇಲ್ಲಿ ಎಲ್ಲರೂ ಹಲ್ಲಿಲ್ಲದವರೇ, ನೋಡು ಕಪಾಟಲ್ಲಿ."

ಹುಡುಗಿ ತೆಗೆದಳು. ಭಾವ ಒಂದೊಂದೇ ಛಾಯೆ ಹಿಡಿದು ನೋಡಿದರು. "ಏನಾದ್ರೂ ಮಾತಾಡು, ತುಟಿ ಎಷ್ಟು ಏಳತ್ತೆ ನೋಡ್ಬೇಕು. ದಿನಾ ಹೇಳ್ತೀಯಲ್ಲ, ಅದೇ ಹೇಳು. ಪ್ರಯಾಣಿಕರೇ ಅಂತ."

ಹುಡುಗಿ ಶುರುಮಾಡಿದಳು. ಎರಡು ಮಾತು ಆಡುವುದರೊಳಗೆ ಗಾಳಿ ಸೋರಿ, ಶಬ್ದ ಒಡೆದು, ತನ್ನ ದನಿ ತಾನೇ ಕೇಳಿಸಿಕೊಂಡು ಅಳತೊಡಗಿದಳು. ಅಳುವಾಗಲೂ ಕೈ ಬಾಯಿಯ ಮೇಲೆಯೇ ಇತ್ತು. ಹೋಗುವಾಗ ಒಂದೇ ಕೇಳಿದಳು, ಬೆರಳ ಸಂದಿಯಿಂದ: "ಯಾವತ್ತು ಆಗತ್ತೆ ಅಂಕಲ್?"

"ಶನಿವಾರ" ಎಂದುಬಿಟ್ಟರು ಭಾವ.

ಅವಳು ಹೋದ ಮೇಲೆ ನನ್ನ ಕಡೆ ತಿರುಗಿದರು. "ಬಾಯಿ ಮುಚ್ಕೊಂಡಿರೋವರನ್ನ ನೋಡೋಕಾಗಲ್ಲ ಸೂಜಿ ನನಗೆ" ಎಂದರು. ಛಾಯೆಯ ಪಟ್ಟಿ ಎತ್ತಿಡುತ್ತ, "ಅಲ್ದೆ ಈ ಎರಡು ಹಲ್ಲು ಮೈಕಲ್ಲಿ ಮಾತಾಡೋವು. ಇಡೀ ಊರು ನನ್ನ ಕೆಲಸ ಕೇಳತ್ತೆ" ಎಂದೂ ಸೇರಿಸಿದರು. ಯಾವುದು ಎಷ್ಟು ಪಾಲು ಎಂದು ನಾನು ಕೆದಕಲು ಹೋಗಲಿಲ್ಲ.

ಆ ಎರಡು ಹಲ್ಲಿಗೆ ಪಟ್ಟಷ್ಟು ಪಾಡನ್ನು ಅವರು ಪೂರ್ತಿ ಸೆಟ್ಟಿಗೂ ಪಟ್ಟವರಲ್ಲ. ಹಲ್ಲಿನ ಹಿಂಬದಿ ಒಂದು ಎಳೆ ದಪ್ಪವಾದರೆ ನಾಲಿಗೆ ತಡವರಿಸುತ್ತದೆ, ಒಂದು ಎಳೆ ತೆಳುವಾದರೆ ಗಾಳಿ ಸೀಟಿ ಹೊಡೆಯುತ್ತದೆ ಎಂದು ಉಜ್ಜಿ, ನೋಡಿ, ಮತ್ತೆ ಉಜ್ಜಿದರು. ಶನಿವಾರ ಡಾಕ್ಟರ ಕ್ಲಿನಿಕ್ಕಿಗೆ ತಾವೇ ತೆಗೆದುಕೊಂಡು ಹೋಗಿ ಕೊಟ್ಟು ಬಂದರು. ದಾರಿಯಲ್ಲಿ ಸಿಕ್ಕ ಕರ್ನಲ್ ಮುಖ ತಿರುಗಿಸಿಕೊಂಡು ಹೋದರಂತೆ.

ಭಾನುವಾರ ವಾಚನಾಲಯ ತುಂಬಿತ್ತು. ಒಂದು ಕಡೆ ಬಣ್ಣದ ಬಟ್ಟೆಗಳು, ಇನ್ನೊಂದು ಕಡೆ ಕರ್ನಲ್ ಮತ್ತು ಸಂಗಡಿಗರು. ಭಾವ ಬಾಗಿಲ ಹತ್ತಿರದ ಬೆಂಚಿನ ಮೇಲೆ, ಪಕ್ಕದಲ್ಲಿ ಅಕ್ಕ, ನಾನು. ಹುಡುಗಿ ಎದ್ದು ನಿಂತಳು. ದುಪಟ್ಟಾ ಹೆಗಲ ಮೇಲಿತ್ತು.

"ನಾನು ತಿರುವಿಗೆ ಮುಂಚೆ ನಿಧಾನ ಮಾಡಿದೆ. ಗಂಟೆ ಹೊಡೆದೆ. ಆ ಸದ್ದು ಕೇಳಿಸಿಕೊಂಡು ನಾಯಿ ಓಡಿ ಬಂದು ನನ್ನ ಸೈಕಲ್ ಎದುರಿಗೆ ಕೂತ್ಕೊಳ್ತು. ನಾಯಿ ಕಟ್ಟಿರಲಿಲ್ಲ. ನಾಯಿದೇನೂ ತಪ್ಪಿಲ್ಲ, ಅದಕ್ಕೆ ಕಲಿಸಿದ್ದನ್ನ ಅದು ಮಾಡ್ತು" ಎಂದಳು.

ಒಂದು ಅಕ್ಷರ ಸೋರಲಿಲ್ಲ. ಎಲ್ಲರೂ ಭಾವನ ಕಡೆ ತಿರುಗಿದರು. ಅವರು ಕಣ್ಣು ಮುಚ್ಚಿ, ತಲೆದೂಗುತ್ತ ಕೇಳುತ್ತಿದ್ದರು. ಅಕ್ಕ ಮೊಣಕೈಯಿಂದ ತಿವಿದ ಮೇಲೆ, ತಮ್ಮ ಮೇಲಿನ ದೂರು ಅದು ಎಂಬುದು ಅವರಿಗೆ ನೆನಪಾಯಿತು.

ಗಲಾಟೆ ಎದ್ದಿತು. ನಾಯಿಯೇ ಬೇಡ ಎಂದರು ಸೈಕಲ್ಲಿನವರು. ಗಂಟೆ ಬೇಡ, ತಿರುವಿನಲ್ಲಿ ಇಳಿದು ನೂಕಿಕೊಂಡು ಹೋಗಿ ಎಂದರು ನಾಯಿಯವರು. ಇಳಿಯಲು ಬಣ್ಣದ ಬಟ್ಟೆ ಒಪ್ಪಲಿಲ್ಲ. ಕೊನೆಗೆ, ಯಾರೂ ಏನೂ ಕಳೆದುಕೊಳ್ಳದ ತೀರ್ಮಾನಕ್ಕೆ ಎರಡೂ ಕಡೆಯವರು ಬಂದರು: ಬಿಸ್ಕತ್ತು ನಿಲ್ಲಲಿ, ಹಗ್ಗದಲ್ಲಿ ಕಟ್ಟಿದ ನಾಯಿ ಬರಬಹುದು, ಕಟ್ಟದ ನಾಯಿಗೆ ದಾರಿಯಿಲ್ಲ. ಅಂದರೆ ಮೊದಲಿದ್ದ ನಿಯಮವೇ. ಕಟ್ಟುತ್ತೇವೆ ಎನ್ನುವವರು ಕೈ ಎತ್ತಿ ಎಂದರು ಕರ್ನಲ್, ತಾವೇ ಮೊದಲು ಎತ್ತಿದರು. ಎಲ್ಲ ಕೈಗಳೂ ಮೇಲೆದ್ದವು. ಜನ್ಮದಲ್ಲಿ ಒಂದು ಹಗ್ಗ ಕೊಳ್ಳದವರ ಕೈ ಎಲ್ಲರಿಗಿಂತ ಎತ್ತರದಲ್ಲಿತ್ತು. ನಾಳೆಯಿಂದ ಮತ್ತೆ ಬಿಟ್ಟುಕೊಂಡೇ ಹೋಗುತ್ತಾರೆಂದು ಸೈಕಲ್ಲಿನವರಿಗೂ ಗೊತ್ತು. ಸೈಕಲ್ಲಿನವರು ಮತ್ತೆ ಹಾರಿಸಿಕೊಂಡೇ ಇಳಿಯುತ್ತಾರೆಂದು ನಾಯಿಯವರಿಗೂ ಗೊತ್ತು.

ಭಾವನ ಕೈ ತೊಡೆಯ ಮೇಲೆಯೇ ಇತ್ತು.

"ಎತ್ರೀ" ಎಂದು ಕರ್ನಲ್ ಹಲ್ಲು ಕಚ್ಚಿಕೊಂಡು ಹೇಳಿದರು. "ಎತ್ತಿದ್ರೆ ಮುಗೀತಲ್ಲ."

ಭಾವ ಎದ್ದು ನಿಂತರು. "ನಾನು ಕಟ್ಟಲ್ಲ" ಎಂದರು. "ಅದಕ್ಕೆ ಮಾತು ಕೊಟ್ಟಿದೀನಿ."

ನಿಯಮ ಬರೆದ ದಿನದಿಂದ ಅದನ್ನು ಮುರಿಯುತ್ತಲೇ ಬಂದವರು, ಒಂದು ಸುಳ್ಳು ಕೈ ಎತ್ತಬೇಕಾಗಿ ಬಂದಾಗ ಹರಿಶ್ಚಂದ್ರರಾದರು. ಕೈ ಎತ್ತಿದವರ ನಾಯಿಗಳಿಗೆಲ್ಲ ಗುಡ್ಡ ಉಳಿಯಿತು. ನಿಜ ಹೇಳಿದವರ ನಾಯಿಗೆ ಹೋಯಿತು. ನನಗೆ ಅಲ್ಲಿದ್ದವರೆಲ್ಲರ ಮೇಲೂ ಸಿಟ್ಟು ಬಂತು, ಭಾವನ ಮೇಲೆ ಹೆಮ್ಮೆಯೂ ಬಂತು. ಆ ಹೆಮ್ಮೆ ಹೆಚ್ಚು ಕಾಲ ಬಾಳಲಿಲ್ಲ.

ಹೊರಗೆ ಹುಡುಗಿ ಹತ್ತಿರ ಬಂದಳು. ಕಣ್ಣು ತುಂಬಿತ್ತು. "ಒಂದು ಸುಳ್ಳು ಹೇಳ್ಬಿಟ್ಟಿದ್ರೆ ಆಗ್ತಿತ್ತಲ್ಲ ಅಂಕಲ್."

"ನೀನೂ ಹೇಳಬಹುದಿತ್ತಲ್ಲಮ್ಮ" ಎಂದರು ಭಾವ. "ಬಿಸಿ ಕಾಫಿ ಎರಡು ದಿನ ಕುಡೀಬೇಡ."

ಮರುದಿನ ಬೆಳಿಗ್ಗೆ ಸವತಿ ಯಥಾಪ್ರಕಾರ ಬಾಗಿಲು ಕೆರೆದಳು. ಗುಡ್ಡ ಇಲ್ಲವೆಂದ ಮೇಲೆ ಉಳಿದದ್ದು ದೊಡ್ಡ ರಸ್ತೆ. ಅಲ್ಲಿ ಲಾರಿ, ಬಸ್ಸು, ಒಂದರ ಹಿಂದೊಂದು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಸವತಿ ಲಾರಿ ಕೆಳಗೆ ಸಾಯೋದು ಬೇಡ. ಕಟ್ಕೊಂಡು ಹೋಗೋದಾದ್ರೆ ಹೋಗಿ, ಇಲ್ಲದಿದ್ರೆ ಮನೇಲಿ ಕೂತ್ಕೊಳ್ಳಿ."

ಭಾವ ಅಂಗಳಕ್ಕಿಳಿದು ಒಮ್ಮೆ ಗುಡ್ಡದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಮೇಲೆ ಹೋಗಿ, ಉಳಿದ ಮಖಮಲ್ಲಿನ ತುಂಡನ್ನು ಒಳಗೆ ಕೊಟ್ಟು ಒಂದು ಕುತ್ತಿಗೆಪಟ್ಟಿ ಹೊಲಿದು ತಂದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಅದಕ್ಕೆ ಸೇರಿಸಿದೆವು. ಭಾವ ಮಂಡಿಯೂರಿ ಕೂತರು. ಕೂದಲೆಳೆಯಷ್ಟು ಹಲ್ಲು ಉಜ್ಜುವ ಕೈಯಿಂದ ಮಖಮಲ್ಲನ್ನು ಸವರಿ ನೋಡಿದರು. "ತಪ್ಪಾಯ್ತು ಕಣೇ" ಎಂದು ಪಟ್ಟಿ ಕಟ್ಟಿದರು.

ಸವತಿ ಒಮ್ಮೆ ಕುತ್ತಿಗೆ ಕೊಡವಿದಳು. ಪಟ್ಟಿಯನ್ನು ಮೂಸಲು ನೋಡಿದಳು, ಎಟುಕಲಿಲ್ಲ. ಬಾಲ ಎತ್ತಿ, ಗೇಟಿನ ಕಡೆ ಹೊರಟು, ಬರುವುದಿಲ್ಲವೇ ಎಂಬಂತೆ ಹಿಂತಿರುಗಿ ನೋಡಿದಳು. ಅಷ್ಟೇ. ಅವಳಿಗೆ ಏನೂ ಅನ್ನಿಸಲಿಲ್ಲ. ಸರಪಳಿಯ ಕಾಲವನ್ನು ಅವಳು ಎಂದೋ ಮರೆತಿದ್ದಳು, ನೆನಪಿಟ್ಟುಕೊಂಡಿದ್ದವರು ಭಾವ ಒಬ್ಬರೇ. ಅವರು ಮಂಡಿಯೂರಿದಲ್ಲೇ ಇದ್ದರು. ಅಕ್ಕ ಏನೋ ಹೇಳಲು ಬಾಯಿ ತೆರೆದವಳು, ಮೊದಲ ಸಲ, ಹೇಳದೆ ಒಳಗೆ ಹೋದಳು.

ಗುಡ್ಡದ ದಾರಿ ಶುರುವಾಗುವ ಕಡೆಯಿಂದಲೇ ರಸ್ತೆಗೆ ಹೋಗಬೇಕು. ಅಲ್ಲಿ ಕರ್ನಲ್ಲರ ನಾಯಿ ಹಗ್ಗವಿಲ್ಲದೆ ಮೇಲಕ್ಕೆ ಓಡುತ್ತಿತ್ತು. ಹುಡುಗಿ ಸೈಕಲ್ಲು ನೂಕಿಕೊಂಡು ಬಂದಳು, ಸವತಿಯ ಕುತ್ತಿಗೆ ನೋಡಿ ಮುಖ ಅರಳಿಸಿದಳು. ಭಾವನ ಎರಡು ಹಲ್ಲು ಫಳಫಳ ಹೊಳೆದವು.

"ಕಟ್ಟಿದೀರಲ್ಲ ಅಂಕಲ್! ಹಾಗಾದ್ರೆ ಬನ್ನಿ ಮೇಲೆ. ಯಾರೂ ಏನೂ ಅನ್ನೋ ಹಾಗಿಲ್ಲ."

ನಾನೂ ಹೇಳಿದೆ. "ಹೌದು ಭಾವ, ಈಗ ನಿಯಮದ ಪ್ರಕಾರಾನೇ ಇದೆ. ನಡೀರಿ."

"ಕಟ್ಟಲ್ಲ ಅಂತ ಅಷ್ಟು ಜನದ ಎದುರಿಗೆ ಹೇಳಿದೀನಲ್ಲ ಸೂಜಿ" ಎಂದರು ಭಾವ. "ಆಡಿದ ಮಾತು ಇರತ್ತಲ್ಲ, ಈಗ ಕಟ್ಕೊಂಡು ಹೇಗೆ ಹತ್ತಲಿ? ನಾವು ರಸ್ತೆ ಕಡೆ ಹೋಗ್ತೀವಿ, ನೀನು ಹೋಗಮ್ಮ."

ಸವತಿ ಗುಡ್ಡದ ಕಡೆ ಎಳೆದಳು. ಭಾವ ಕೆಮ್ಮುತ್ತ ರಸ್ತೆಯ ಕಡೆ ಎಳೆದರು. ಅವಳು ಹಗುರ, ಹಿಂದೆ ಹಿಂದೆ ನೋಡುತ್ತ ಬಂದಳು. ಅವತ್ತು ಭಾವನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.